ಗುಬ್ಬಿಯ ಜಾಗ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ಕಟ್ಟಿದವನು ನೆಲ ಹಾಕಿಸಿದವನೇ ಇರಬೇಕು, ಕುಣಿದವನಂತೂ ಅಲ್ಲ. ಆ ನೃತ್ಯ ಕಾಲೇಜಿಗೆ ಸೇರಿದ ಹುಡುಗಿಯರು ಮೊದಲ ಹೆಜ್ಜೆಗಿಂತ ಮುಂಚೆ ಕಲಿಯುತ್ತಿದ್ದದ್ದು ಇದನ್ನೇ. ಮೊಣಕಾಲು ಊದಿದೆ ಅಂದರೆ ಈ ಗಾದೆ. ಹಲಗೆ ಎದ್ದು ಅಂಗಾಲಿಗೆ ಸಿಬಿರು ಹೊಕ್ಕಿತು ಅಂದರೂ ಇದೇ ಗಾದೆ. ಹೀಗಾಗಿ ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ಯಾರೂ ಏನನ್ನೂ ದೂರುತ್ತಿರಲಿಲ್ಲ. ಏನು ತಪ್ಪಿದರೂ ತಪ್ಪು ತನ್ನ ಕಾಲಿನದೇ ಎಂದು ನಂಬುವ ವಿದ್ಯೆಯಲ್ಲಿ, ಪದವಿ ಕೈಗೆ ಬರುವ ಮೊದಲೇ ಅವರೆಲ್ಲ ಪಾಸಾಗಿದ್ದರು.

ಎಂಟು ಹುಡುಗಿಯರ ಸಾಲು ಅದು. ಗುಬ್ಬಿ ಎಲ್ಲರಿಗಿಂತ ಗಿಡ್ಡ, ಹಾರುವುದು ಮಾತ್ರ ಎಲ್ಲರಿಗಿಂತ ಎತ್ತರ. ಅವಳ ಎಡಕ್ಕೆ ನಿಲ್ಲುತ್ತಿದ್ದವಳು ಕೊಕ್ಕರೆ. ಅವಳನ್ನು ನೋಡಿದರೆ ಕಾಲು ಮಾಡಿ ಮುಗಿಸಿದ ಮೇಲೆ ಉಳಿದದ್ದರಲ್ಲಿ ಮೈ ಮಾಡಿದ ಹಾಗಿತ್ತು. ಬಲಕ್ಕೆ ಮೆಣಸಿನಕಾಯಿ. ಅವಳ ಬಾಯಿಗೆ ಸಿಕ್ಕವರು ನೀರು ಕುಡಿಯಬೇಕು. ಮೂವರದೂ ಮೊದಲ ವರ್ಷದಿಂದ ಒಂದೇ ಬೆಂಚು, ಒಂದೇ ಕಬ್ಬಿಣದ ಬೀರು, ನೋವಿನ ಮುಲಾಮಿನ ಒಂದೇ ಟ್ಯೂಬು.

ಆ ವರ್ಷ ಪದವಿಯ ಕೊನೆಯ ಪ್ರದರ್ಶನ ನೋಡಲು ದೊಡ್ಡ ತಂಡವೊಂದರ ನಿರ್ದೇಶಕರು ಬರುವವರಿದ್ದರು. ಅವರ ಕಣ್ಣಿಗೆ ಬಿದ್ದವರಿಗೆ ಕೆಲಸ. ಕುಣಿದೇ ಬದುಕುವ ಕೆಲಸ. ಬೀಳದವರಿಗೆ ಪದವಿಯ ಕಾಗದವನ್ನು ಗೋಡೆಗೆ ತೂಗುಹಾಕಿ ಯಾವುದಾದರೂ ಅಂಗಡಿಯ ಕೌಂಟರಿನ ಹಿಂದೆ ನಿಲ್ಲುವ ಭಾಗ್ಯ. ಹಿಂದಿನ ಬ್ಯಾಚಿನ ಅಕ್ಕಂದಿರು ಪೇಟೆಯಲ್ಲಿ ಚಪ್ಪಲಿ ತೋರಿಸುತ್ತಾ ನಿಂತಿರುವುದನ್ನು ಎಲ್ಲರೂ ನೋಡಿದ್ದರು. ಅವರ ಬೆನ್ನು ಇನ್ನೂ ನೆಟ್ಟಗಿತ್ತು. ಗಿರಾಕಿಗಳಿಗೆ ಅದೇ ಒಂದು ತಮಾಷೆ.

ಗುಬ್ಬಿ ಬಿದ್ದದ್ದು ಒಂದು ಬೆಳಗಿನ ಅಭ್ಯಾಸದಲ್ಲಿ. ಎಂಟೂ ಜನ ಒಟ್ಟಿಗೆ ಹಾರಿ, ಗಾಳಿಯಲ್ಲಿ ಒಂದು ಸುತ್ತು ತಿರುಗಿ, ಒಟ್ಟಿಗೆ ಇಳಿಯಬೇಕು. ಹದಿನಾರು ಕಾಲು, ಒಂದೇ ಸದ್ದು. ಮೇಡಂ ಕೋಲಿನಿಂದ ನೆಲ ಕುಟ್ಟಿ "ಇನ್ನೊಂದ್ಸಲ" ಅಂದರು. ಆಮೇಲೆ ಮತ್ತೆ ಇನ್ನೊಂದು ಸಲ.

"ಮೇಡಂ, ಕಾಲು ಹಿಡೀತಿದೆ," ಅಂದಳು ಗುಬ್ಬಿ.

"ಹಿಡಿದ್ರೆ ಬಿಡಿಸ್ಕೊ. ಇನ್ನೊಂದ್ಸಲ."

ಬಿಡಿಸಿಕೊಂಡಳು. ಪೆನ್ಸಿಲ್ ಮುರಿದಂಥ ಸಣ್ಣ ಸದ್ದು. ಮೊಣಕಾಲಿನ ಕೆಳಗಿನ ಮೂಳೆ. ಆಸ್ಪತ್ರೆಗೆ ಎತ್ತಿಕೊಂಡು ಹೋಗುವಾಗ ಅವಳು ಅತ್ತದ್ದು ನೋವಿಗಲ್ಲ. "ನನ್ನ ಜಾಗ, ನನ್ನ ಜಾಗ," ಅನ್ನುತ್ತಿದ್ದಳು.

ಮಾರನೆಯ ದಿನ ಮೇಡಂ ಎಲ್ಲರನ್ನೂ ಕೂರಿಸಿ ಹೇಳಿದರು: "ನಮ್ಮ ಕಾಲೇಜಲ್ಲಿ ಯಾರ ಜಾಗವನ್ನೂ ಯಾರೂ ಕಿತ್ಕೊಳ್ಳಲ್ಲ. ಬೇರೆ ಕಡೆ ಒಬ್ಬಳು ಬಿದ್ರೆ ಇನ್ನೊಬ್ಬಳನ್ನ ತಂದು ನಿಲ್ಲಿಸ್ತಾರೆ. ನಾವು ಹಾಗಲ್ಲ. ಅವಳು ಬರೋ ತನಕ ಅವಳ ಜಾಗ ಖಾಲಿ ಇರ್ಲಿ. ಸಾಲು ಕೂಡಿಸ್ಬೇಡಿ. ಅವಳು ಅಲ್ಲೇ ಇದಾಳೆ ಅಂದ್ಕೊಂಡು ಕುಣೀರಿ."

ಎಂಥ ತಾಯಿ ಕರುಳು ಎಂದು ಹುಡುಗಿಯರು ಮೂಗೊರೆಸಿಕೊಂಡರು. ಮೆಣಸಿನಕಾಯಿಯ ಕಣ್ಣಲ್ಲೂ ನೀರು ಬಂದದ್ದು ಅವತ್ತೊಂದೇ ದಿನ. ಕೊಕ್ಕರೆಗೂ ಮೆಣಸಿನಕಾಯಿಗೂ ನಡುವೆ ಒಂದು ಆಳಿನಷ್ಟು ತೆರವು ಬಿಟ್ಟುಕೊಂಡು ಏಳು ಜನ ಅಭ್ಯಾಸ ಶುರುಮಾಡಿದರು.

ಪ್ರದರ್ಶನ ಹತ್ತಿರ ಬಂದಾಗ ಕನ್ನಡಿಗೆ ಪರದೆ ಎಳೆಯುವುದು ಅಲ್ಲಿಯ ಪದ್ಧತಿ. ಕನ್ನಡಿ ನೋಡಿಕೊಂಡು ಕುಣಿಯುವವಳು ವೇದಿಕೆಯ ಮೇಲೆ ಕುರುಡಿ, ಅನ್ನುತ್ತಿದ್ದರು ಮೇಡಂ. ತಲೆ ತಿರುಗಿಸಿ ಪಕ್ಕದವಳನ್ನು ನೋಡುವ ಹಾಗಿಲ್ಲ, ನೆಲ ನೋಡುವುದಂತೂ ಮಹಾಪಾಪ. ಉಳಿದದ್ದು ಕಿವಿ ಮಾತ್ರ.

ಆ ಕಿವಿಗೇ ಅದು ಬಿತ್ತು. ಹಾರಿ, ತಿರುಗಿ, ಎಲ್ಲರ ಕಾಲೂ ನೆಲ ಮುಟ್ಟಿತು: ಧಪ್. ಅದರ ಹಿಂದೆಯೇ, ಕೂದಲೆಳೆಯಷ್ಟು ತಡವಾಗಿ, ಇನ್ನೊಂದು: ಧಪ್.

ನಾನು ತಡ ಮಾಡಿದೆ, ಅಂದುಕೊಂಡಳು ಕೊಕ್ಕರೆ. ಉದ್ದ ಕಾಲು, ಇಳಿಯೋದು ನಿಧಾನ, ಎಲ್ಲರಿಗೂ ಕೇಳಿಸಿರುತ್ತೆ. ಮುಂದಿನ ಸಲ ತುಸು ಬೇಗ ಇಳಿದಳು. ಆದರೂ ತಡವಾಗಿ ಇನ್ನೊಂದು ಸದ್ದು. ಮೇಡಂ ಏನೂ ಅನ್ನಲಿಲ್ಲ. ಬೈಯದಿದ್ದರೆ ಬಯ್ಗುಳ ಒಳಗೇ ಕೂತು ಮೊಟ್ಟೆಯಿಡುತ್ತದೆ. ಕೊಕ್ಕರೆ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು ಒಬ್ಬಳೇ ಹಾರತೊಡಗಿದಳು. ಒಬ್ಬಳೇ ಹಾರಿದಾಗ ಒಂದೇ ಸದ್ದು. ಸಾಲಿನಲ್ಲಿ ನಿಂತರೆ ಎರಡು. ಹಾಗಾದರೆ ಸಾಲಿಗೆ ತಕ್ಕವಳಲ್ಲ ನಾನು, ಎಂದು ಲೆಕ್ಕ ಹಾಕಿದಳು. ಬೇರೆ ಲೆಕ್ಕ ಅವಳಿಗೆ ಯಾರೂ ಕಲಿಸಿರಲಿಲ್ಲ.

ಅತ್ತ ಮೆಣಸಿನಕಾಯಿ ಪಾದಕ್ಕೆ ಒದ್ದೆ ಬಟ್ಟೆ ಬಿಗಿದುಕೊಂಡು ಬರುತ್ತಿದ್ದಳು. ಇನ್ನೊಬ್ಬಳು ಮೈ ಹಗುರವಾಗಲೆಂದು ಊಟ ಬಿಟ್ಟು ನೀರಿನ ಬಾಟಲಿಯಲ್ಲೇ ದಿನ ದೂಡುತ್ತಿದ್ದಳು. ಮೂಲೆಯಲ್ಲಿ ಕೂತು ಡೋಲು ಬಾರಿಸುತ್ತಿದ್ದ ಡೋಲಿನ ಮಾಮನೂ ಯಾಕೋ ಸಪ್ಪಗಾಗಿದ್ದ. ಮೊದಲೆಲ್ಲ "ಏನ್ರವ್ವಾ, ಇವತ್ತು ನೆಲಕ್ಕೆ ಹೊಡೀತೀರೋ ಇಲ್ಲ ಅದೇ ನಿಮಗೆ ಹೊಡೆಯುತ್ತೋ?" ಅಂತ ರೇಗಿಸುತ್ತಿದ್ದವನು ಈಗ ಕೈಬೆರಳು ಬಿಚ್ಚಿ ಮಡಿಸಿ ನೋಡಿಕೊಳ್ಳುತ್ತಾ ಕೂರುತ್ತಿದ್ದ.

ಒಂದು ದಿನ ಕೊಕ್ಕರೆಯ ಮುಡಿಯಿಂದ ಪಿನ್ನು ಜಾರಿ ಪಕ್ಕದ ತೆರವಿನಲ್ಲಿ ಬಿತ್ತು. ಮೇಡಂ ಬಾಗಿಲಾಚೆ ಯಾರೊಂದಿಗೋ ಮಾತಾಡುತ್ತಿದ್ದರು. ಕೊಕ್ಕರೆ ಬಗ್ಗಿದಳು. ಪಿನ್ನು ಸಿಕ್ಕಿತು, ಅದರ ಜೊತೆ ನೆಲವೂ ಕೈಗೆ ತಾಗಿತು. ಯಾರೂ ತುಳಿಯದ ಆ ಹಲಗೆ ಬೆಚ್ಚಗಿತ್ತು. ಆಗತಾನೇ ಎದ್ದುಹೋದವರ ಹಾಸಿಗೆಯ ಬಿಸಿ. ಬೆರಳಿಗೆ ತೇವ ಹತ್ತಿತು. ಮೂಗಿನ ಹತ್ತಿರ ತಂದಳು: ಬೆವರು. ಅದರ ಜೊತೆ ಮೂವರೂ ಹಚ್ಚಿಕೊಳ್ಳುತ್ತಿದ್ದ ಮುಲಾಮಿನ ವಾಸನೆ. ಆ ಟ್ಯೂಬು ಮುಗಿದು ಎಷ್ಟೋ ದಿನವಾಗಿತ್ತು.

ಅವತ್ತು ಬಟ್ಟೆ ಬದಲಿಸುವ ಕೋಣೆಯಲ್ಲಿ ಮೆಣಸಿನಕಾಯಿ ಬೆಂಚಿನ ಮೇಲೆ ಕುಸಿದು ಕೂತಳು. ಪಾದದ ಬಟ್ಟೆ ಬಿಚ್ಚುತ್ತಾ ಯಾರ ಮುಖವನ್ನೂ ನೋಡದೆ ಹೇಳಿದಳು:

"ನೋಡ್ರೇ, ತಡ ಮಾಡ್ತಿರೋದು ನಾನು. ನೀವ್ಯಾರೂ ಹೇಳ್ತಿಲ್ಲ, ನಿಮ್ಮ ದೊಡ್ಡತನ. ಆದ್ರೆ ನಾನು ಬೇಕಂತ ಮಾಡ್ತಿಲ್ಲ. ಮೇಡಂಗೆ ಮಾತ್ರ ಹೇಳ್ಬೇಡಿ."

ಊಟ ಬಿಟ್ಟವಳು ಸಣ್ಣ ದನಿಯಲ್ಲಿ, "ಅದು ನೀನಲ್ಲ ಕಣೇ, ನಾನು," ಅಂದಳು.

"ನೀನಾ? ನಾನಲ್ವಾ ಅದು?" ಅಂದಳು ಕೊಕ್ಕರೆ.

ಬಾಗಿಲ ಹತ್ತಿರದವಳು, ಬೀರುವಿನ ಹತ್ತಿರದವಳು, ಒಬ್ಬೊಬ್ಬರಾಗಿ ಏಳೂ ಜನ ಒಪ್ಪಿಕೊಂಡರು. ಏಳು ಜನ ಏಳು ಮೂಲೆಯಲ್ಲಿ ಒಂದೇ ಅಪರಾಧವನ್ನು ಬಚ್ಚಿಟ್ಟುಕೊಂಡು ಸಾಯುತ್ತಿದ್ದರು. ಒಬ್ಬಳು ಕಿಸಕ್ಕೆಂದಳು. ನಗು ಹತ್ತಿಕೊಂಡಿತು, ಹೊಟ್ಟೆ ಹಿಡಿದುಕೊಂಡು, ಬೀರುವಿಗೆ ಒರಗಿಕೊಂಡು ನಕ್ಕರು. ನಗು ತೀರಿದ ಮೇಲೆ ಮೆಣಸಿನಕಾಯಿ ಕೇಳಿದಳು:

"ಸರಿ. ಹಾಗಾದ್ರೆ ಅದು ಯಾರದು?"

ಎಲ್ಲರೂ ಎದ್ದು ಮತ್ತೆ ಅಭ್ಯಾಸದ ಕೋಣೆಗೆ ಹೋದರು. ಡೋಲಿನ ಮಾಮ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಿದ್ದ.

"ಮಾಮ, ಒಂದೇ ಒಂದ್ಸಲ ಬಾರಿಸಿ. ಹಾರೋ ಜಾಗ."

"ಕೈ ಸರಿ ಇಲ್ಲ ಕಣವ್ವಾ. ಈಚೆಗೆ ಒಂದು ಪೆಟ್ಟು ತಡವಾಗಿ ಬೀಳ್ತಿದೆ ನನ್ನದು. ವಯಸ್ಸು."

ಹುಡುಗಿಯರು ಮುಖಮುಖ ನೋಡಿಕೊಂಡರು. "ಬಾರಿಸಿ ಮಾಮ," ಅಂದಳು ಕೊಕ್ಕರೆ.

ಏಳೂ ಜನ ತಮ್ಮ ತಮ್ಮ ಜಾಗದಲ್ಲಿ ನಿಂತರು. ಆದರೆ ಕುಣಿಯಲಿಲ್ಲ. ಕೈ ಕೆಳಗೆ ಬಿಟ್ಟು ಗೋಡೆಗೆ ಒರಗಿಸಿದ ಹಲಗೆಗಳಂತೆ ನಿಂತರು. ಮಾಮ ಬಾರಿಸಿದ. ಡೋಲು ಏರಿತು, ಹಾರುವ ಘಳಿಗೆ ಬಂತು, ಪೆಟ್ಟು ಬಿತ್ತು. ಯಾರೂ ಅಲ್ಲಾಡಲಿಲ್ಲ.

ಧಪ್.

ಕೊಕ್ಕರೆಯ ಬಲಗಡೆ, ಮೆಣಸಿನಕಾಯಿಯ ಎಡಗಡೆ. ಹಲಗೆ ಅದುರಿದ್ದು ಇಬ್ಬರ ಅಂಗಾಲಿಗೂ ಗೊತ್ತಾಯಿತು. ತೆರೆದ ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು, ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿದರು. ಡೋಲಿನ ಮಾಮ ಕೈಯನ್ನು ಚರ್ಮದ ಮೇಲಿಂದ ಎತ್ತಿ ತೊಡೆಗಳ ನಡುವೆ ಬಚ್ಚಿಟ್ಟುಕೊಂಡ.

"ಹಿಮ್ಮಡಿ ಮೊದಲು," ಅಂದಳು ಮೆಣಸಿನಕಾಯಿ, ಅವಳ ದನಿ ಅವಳದಾಗಿರಲಿಲ್ಲ. "ಎಡಗಾಲಿನ ಹಿಮ್ಮಡಿ. ಎತ್ತರ ಹಾರ್ತಾಳಲ್ಲ, ಅದಕ್ಕೆ ತಡ. ಗುಬ್ಬಿ ಕಣ್ರೇ ಇದು."

*

ಕೊಕ್ಕರೆ ಜ್ವರವೆಂದು ಸುಳ್ಳು ಹೇಳಿಸಿ ಬೆಳಗಿನ ಅಭ್ಯಾಸ ತಪ್ಪಿಸಿ ಗುಬ್ಬಿಯ ಮನೆಗೆ ಹೋದಳು. ಗುಬ್ಬಿಯ ಅಮ್ಮ ಟೈಲರು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಅದರ ಸುತ್ತ ಕತ್ತರಿಸಿಟ್ಟ ಶಾಲೆಯ ಯೂನಿಫಾರ್ಮಿನ ತೋಳುಗಳ ರಾಶಿ. ಒಳಕೋಣೆಯಲ್ಲಿ ಮಂಚ. ಗುಬ್ಬಿ ದಿಂಬಿಗೊರಗಿ ಕೂತಿದ್ದಳು. ಎಡಗಾಲಿಗೆ ತೊಡೆಯವರೆಗೂ ಪ್ಲಾಸ್ಟರು. ಮುಖ ಬತ್ತಿ, ಕಣ್ಣು ಎರಡೂ ಮುಖಕ್ಕಿಂತ ದೊಡ್ಡವಾಗಿದ್ದವು.

"ಬಂದ್ಯಾ ಉದ್ದಕ್ಕಾ," ಅಂದಳು. "ನನ್ನ ಜಾಗ ಇದೆಯಾ?"

"ಇದೆ."

"ಯಾರೂ ಬಂದಿಲ್ವಲ್ಲ?"

"ಇಲ್ಲ ಕಣೇ."

"ಇಟ್ಕೊಂಡಿರಿ. ನಾನು ಬಂದೇ ಬರ್ತೀನಿ." ಅಷ್ಟು ಹೇಳಿ ಗೋಡೆಯ ಗಡಿಯಾರ ನೋಡಿದಳು. "ಹೊತ್ತಾಯ್ತು, ನಂಗೆ ನಿದ್ದೆ ಬರುತ್ತೆ ಈಗ." ಮಾತು ಮುಗಿಯುವುದರೊಳಗೆ ಕಣ್ಣು ಮೇಲಕ್ಕೆ ಸರಿದು ರೆಪ್ಪೆ ಅರ್ಧಕ್ಕೆ ನಿಂತಿತು. ಕಾಲೇಜಿನಲ್ಲಿ ಅಭ್ಯಾಸ ಶುರುವಾಗುವ ಹೊತ್ತು ಅದು.

ಅಮ್ಮ ಬಾಗಿಲಲ್ಲಿ ಬಂದು ನಿಂತರು. ಬೆರಳಲ್ಲಿ ಸೂಜಿ ಹಾಗೇ ಇತ್ತು. "ನೋಡು ಮಗಾ. ದಿನಾ ಇದೇ."

ಗುಬ್ಬಿಯ ಬೆರಳುಗಳು ಮೊದಲು ಅಲುಗಿದವು. ಆಮೇಲೆ ಮೈಯೆಲ್ಲ ಬಿಗಿಯಿತು, ಬೆನ್ನು ನೆಟ್ಟಗಾಯಿತು, ಉಸಿರು ಡೋಲಿನ ಲೆಕ್ಕಕ್ಕೆ ಬಂತು. ಇಲ್ಲಿ ಡೋಲು ಎಲ್ಲಿತ್ತು? ಪ್ಲಾಸ್ಟರಿನ ಕಾಲು ಹಾಸಿಗೆಯಿಂದ ಮೇಲೆದ್ದಿತು, ಅಷ್ಟು ಭಾರದ ಕಾಲು, ಯಾರೋ ದಾರ ಕಟ್ಟಿ ಎತ್ತಿದ ಹಾಗೆ. ಗಾಳಿಯಲ್ಲಿ ಒಂದು ಕ್ಷಣ ನಿಂತು ಮಂಚದ ಹಲಗೆಗೆ ಅಪ್ಪಳಿಸಿತು. ಧಪ್. ಗುಬ್ಬಿಯ ಬಾಯಿಂದ ನರಳಿಕೆ ಬಂತು, ತುಟಿಯ ಮೇಲೆ ಮಾತ್ರ ಸಣ್ಣ ನಗು. ವೇದಿಕೆಯ ಮೇಲೆ ನಗುವಂತೆ ಅವರಿಗೆ ಕಲಿಸಿದ್ದ ನಗು. ಮತ್ತೆ ಎದ್ದಿತು ಕಾಲು.

ಕೊಕ್ಕರೆ ಎರಡೂ ಕೈಯಲ್ಲಿ ಆ ಕಾಲನ್ನು ಅಮುಕಿ ಹಿಡಿದಳು. ಅವಳನ್ನೇ ಎತ್ತಿಕೊಂಡು ಎದ್ದಿತು.

"ಹಿಡಿದು ನೋಡಿಯಾಯ್ತು, ಕಟ್ಟಿ ನೋಡಿಯಾಯ್ತು," ಅಂದರು ಅಮ್ಮ. "ಪ್ಲಾಸ್ಟರು ಎರಡು ಸಲ ಒಡೀತು. ಡಾಕ್ಟ್ರು ನನ್ನ ಮೇಲೆ ರೇಗ್ತಾರೆ, ನೀವು ಓಡಾಡಿಸ್ತಿದೀರಿ ಅಂತ. ಮೂಳೆ ಕೂಡ್ತಿಲ್ಲ. ಇನ್ನೂ ಹೀಗೇ ಆದ್ರೆ ಕೊಯ್ದು ಸರಳು ಹಾಕ್ಬೇಕು, ಆಮೇಲೆ ಕುಣಿಯೋದು ಅತ್ಲಾಗಿರ್ಲಿ, ನೆಟ್ಟಗೆ ನಡೆಯೋದೂ ಅನುಮಾನ ಅಂದ್ರು." ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡರು. "ಭಾನುವಾರ ಮಾತ್ರ ಸುಮ್ನೆ ಮಲಗ್ತಾಳೆ. ಅದ್ಯಾಕೆ ಮಗಾ?"

ಭಾನುವಾರ ಕಾಲೇಜಿಗೆ ರಜೆ. ಕೊಕ್ಕರೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅಮ್ಮ ಅವಳ ಮುಖ ನೋಡಿಯೇ ಅರ್ಧ ತಿಳಿದುಕೊಂಡರು. "ಅಲ್ಲಿ ಏನಾದ್ರೂ ಮಾಡೋದಿದ್ರೆ ಮಾಡಮ್ಮ," ಅಂದರು.

ಕೊಕ್ಕರೆ ಅಲ್ಲಿಂದ ನೇರ ಮೇಡಂ ಕೋಣೆಗೆ ನಡೆದಳು. ಗೋಡೆಯ ತುಂಬ ಹಳೆಯ ಪ್ರದರ್ಶನಗಳ ಫೋಟೋ; ಎಲ್ಲದರಲ್ಲೂ ಸಾಲು, ಯಾರ ಮುಖವೂ ತಿಳಿಯದಷ್ಟು ದೂರದಿಂದ ತೆಗೆದದ್ದು. ಮೇಡಂ ಕನ್ನಡಕ ಒರೆಸುತ್ತಾ ಪೂರ್ತಿ ಕೇಳಿಸಿಕೊಂಡರು. ಆಶ್ಚರ್ಯಪಡಲಿಲ್ಲ.

"ಕೇಳಿಸುತ್ತೆ ನಂಗೆ. ಮೊದಲನೇ ದಿನದಿಂದ," ಅಂದರು.

"ಮತ್ತೆ ಯಾಕೆ ಮೇಡಂ..."

"ಕೂತ್ಕೊ. ನಲವತ್ತು ವರ್ಷದಿಂದ ಕಲಿಸ್ತಿದೀನಿ. ಹಾರೋದು ಕಲಿಸಬಹುದು, ಇಳಿಯೋದೂ ಕಲಿಸಬಹುದು. ಆ ತಡವಾಗಿ ಬೀಳೋ ಒಂದು ಹೆಜ್ಜೆ ಇದೆಯಲ್ಲ, ಖಾಲಿ ಜಾಗದಿಂದ, ಅದನ್ನ ಯಾರಿಗೂ ಕಲಿಸೋಕಾಗಲ್ಲ. ನೋಡೋರ ಬೆನ್ನುಹುರಿ ತಣ್ಣಗಾಗುತ್ತೆ. ನಿರ್ದೇಶಕರಿಗೆ ಫೋನಲ್ಲಿ ಹೇಳಿದೀನಿ, ಎಲ್ಲೂ ಕಾಣದ್ದು ಒಂದಿದೆ ಬನ್ನಿ ಅಂತ."

"ಅವಳ ಕಾಲು ಹೋಗ್ತಿದೆ ಮೇಡಂ."

"ನಾನು ಕರೆದಿಲ್ಲ. ಅವಳೇ ಬರ್ತಿದಾಳೆ." ಮೇಡಂ ದನಿಯಲ್ಲಿ ಸಿಟ್ಟಿರಲಿಲ್ಲ, ಮೆಚ್ಚುಗೆ ಇತ್ತು. "ಅಂಥ ಶ್ರದ್ಧೆ ನಿಮ್ಮ ಏಳು ಜನರಲ್ಲಿ ಒಬ್ಬರಿಗಾದ್ರೂ ಇದೆಯಾ? ಹೋಗು, ಜಾಗ ಕೂಡಿಸ್ತೀವಿ, ನಿನ್ನ ಜಾಗ ಹೋಯ್ತು ಅಂತ ನೀನೇ ಹೇಳು ಅವಳಿಗೆ. ಏನಂತಾಳೆ ನೋಡು." ಕನ್ನಡಕ ಹಾಕಿಕೊಂಡರು. "ನಿನ್ನ ಕಾಲು ಚೆನ್ನಾಗಿದೆ. ನಿರ್ದೇಶಕರಿಗೆ ಉದ್ದ ಕಾಲು ಇಷ್ಟ. ಕೆಡಿಸ್ಕೋಬೇಡ."

ಬಿದ್ದವಳ ಕೈಯಿಂದಲೂ ಕೆಲಸ ತೆಗೆಯುವವರಿಗೆ ಜಗತ್ತು ಕಲಾರಾಧಕರೆಂಬ ಹೆಸರಿಟ್ಟಿದೆ. ಸಂಬಳದ ಆಳಾದರೂ ಮೂಳೆ ಮುರಿದಾಗ ಮನೆಗೆ ಹೋಗುತ್ತಾನೆ. ಗುಬ್ಬಿಗೆ ಅದೂ ಇರಲಿಲ್ಲ. ಅವಳ ಮೈಯನ್ನು ಮನೆಗೆ ಕಳಿಸಿ ದುಡಿಮೆಯನ್ನು ಇಲ್ಲೇ ಇಟ್ಟುಕೊಂಡಿದ್ದರು, ಅದಕ್ಕೆ ಕರುಣೆ ಎಂದು ಹೆಸರು ಬೇರೆ.

ಕೊಕ್ಕರೆ ಇದ್ದದ್ದು ಅಕ್ಕನ ಮನೆಯಲ್ಲಿ. ಅಕ್ಕ ಔಷಧಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದವಳು. ಮಾತ್ರೆಯ ಪಟ್ಟಿಗಳನ್ನು ಡಬ್ಬಿಗೆ ತುಂಬುವ ಸಾಲಿನಲ್ಲಿ ನಿಂತೂ ನಿಂತೂ ಕಾಲಿನ ನರಗಳು ಗಂಟುಗಟ್ಟಿದ್ದವು. ಸಂಜೆ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ತಂಗಿಯ ಕತೆಯನ್ನೆಲ್ಲ ಕೇಳಿದಳು. ನಂಬಿದಳೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ.

"ನಮ್ಮ ಸಾಲಲ್ಲಿ ಒಬ್ಬಳು ಬಸುರಿ ರಜಾ ಹೋದ್ರೆ ಮ್ಯಾನೇಜರು ಮಾಡೋದೂ ಇದೇ," ಅಂದಳು. "ಜಾಗ ಹಾಗೇ ಇರ್ಲಿ, ಅವಳ ಡಬ್ಬಿ ನೀವು ತುಂಬಿ ಅಂತಾನೆ. ನಾವೇನು ಮಾಡ್ತೀವಿ ಗೊತ್ತಾ? ಎಲ್ಲರೂ ಒಂದೊಂದು ಹೆಜ್ಜೆ ಸರಿದು ನಿಂತ್ಕೋತೀವಿ. ಆಗ ಅಲ್ಲಿ ಜಾಗಾನೇ ಇರಲ್ಲ. ಇಷ್ಟು ಜನ ಇದೀವಿ, ಇಷ್ಟೇ ಕೆಲಸ ಆಗುತ್ತೆ ಅಂತ ಅವನ ಕಣ್ಣಿಗೇ ಕಾಣುತ್ತೆ."

"ನಾವು ಸರಿದ್ರೆ ನಮ್ಮನ್ನ ಯಾರೂ ಆರಿಸಲ್ಲ ಅಕ್ಕ."

"ಹ್ಞೂಂ. ಅದೂ ಆಗುತ್ತೆ."

"ಗುಬ್ಬಿನೂ ಬೇಡ ಅಂತಾಳೆ. ಇಟ್ಕೊಂಡಿರಿ ಅಂದ್ಲು."

"ಅವಳು ಅನ್ನದೆ ಇರ್ತಾಳಾ? ಕಾಲು ಹೋದ್ರೂ ಜಾಗ ಇರ್ಲಿ ಅಂತ ತಾನೇ ನಿಮಗೆ ಮೂರು ವರ್ಷ ಹೇಳಿಕೊಟ್ಟಿರೋದು." ಅಕ್ಕ ಬಕೆಟ್ಟಿನಿಂದ ಕಾಲೆತ್ತಿ ಒರೆಸಿಕೊಂಡಳು. "ಸರಿಯಬೇಕೋ ಬೇಡ್ವೋ ನೀನೇ ನೋಡು. ನನ್ನನ್ನ ಕೇಳಿ ಸರಿದೆ ಅಂತ ನಾಳೆ ನನ್ನ ತಲೆಗೆ ಕಟ್ಬೇಡ."

ಬಟ್ಟೆ ಬದಲಿಸುವ ಕೋಣೆಯಲ್ಲಿ ಕೊಕ್ಕರೆ ಎಲ್ಲರಿಗೂ ಹೇಳಿದಳು. ಮಂಚ, ಪ್ಲಾಸ್ಟರು, ತುಟಿಯ ಮೇಲಿನ ನಗು, ಮೇಡಂ ಅಂದದ್ದು, ಒಂದನ್ನೂ ಬಿಡಲಿಲ್ಲ. ಕೆಲವರು ಕಣ್ಣೊರೆಸಿಕೊಂಡರು. ಸರಿಯೋಣ ಅಂತ ಮಾತ್ರ ಯಾರೂ ಅನ್ನಲಿಲ್ಲ.

"ನಾನಂತೂ ಸರಿಯಲ್ಲ," ಅಂದಳು ಮೆಣಸಿನಕಾಯಿ. "ನಂಗೂ ಗುಬ್ಬಿ ಬೇಕು. ಆದ್ರೆ ನಮ್ಮಪ್ಪ ಮೂರು ವರ್ಷದಿಂದ ಎಲ್ಲರ ಮುಂದೆ ನನ್ನ ಮಗಳು ಓದ್ತಿಲ್ಲ, ಕುಣೀತಿದಾಳೆ ಅಂತ ಬೈಸ್ಕೊಂಡು ನನ್ನ ಕಳಿಸಿದಾನೆ. ಅವನ ಮುಂದೆ ಹೋಗಿ ಏನಂತ ಹೇಳ್ಲಿ? ದೆವ್ವಕ್ಕೆ ಜಾಗ ಬಿಡಬಾರ್ದು ಅಂತ ಕೆಲಸ ಬಿಟ್ಟೆ ಅಂತಾನಾ?"

"ದೆವ್ವ ಅಲ್ಲ. ಬದುಕಿದಾಳೆ."

"ಅದೇ ತೊಂದರೆ," ಅಂದಳು ಮೆಣಸಿನಕಾಯಿ. ಬೀರುವಿನ ಬಾಗಿಲನ್ನು ಧಡಾರೆಂದು ಮುಚ್ಚಿದಳು.

"ಯಾರೂ ಸರಿಯದಿದ್ರೆ ನಾನೊಬ್ಬಳೇ ಸರೀತೀನಿ," ಅಂದಳು ಕೊಕ್ಕರೆ.

*

ನಿರ್ದೇಶಕರು ಬಂದರು. ಸಣ್ಣಗೆ, ಅಚ್ಚುಕಟ್ಟಾಗಿದ್ದ ಮನುಷ್ಯ. ಮುಂದಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಅಂಗೈಯಲ್ಲಿ ಗಲ್ಲ ಇಟ್ಟುಕೊಂಡರು. ಪ್ರದರ್ಶನ ಅಭ್ಯಾಸದ ಕೋಣೆಯಲ್ಲೇ, ಹೊತ್ತೂ ಬೆಳಗಿನ ಅಭ್ಯಾಸದ್ದೇ. ಮೇಡಂ ಅದನ್ನು ಬೇಕೆಂದೇ ಆರಿಸಿದ್ದರು. ಪರದೆ ಎಳೆದ ಕನ್ನಡಿಯ ಮುಂದೆ ಏಳು ಹುಡುಗಿಯರು, ನಡುವೆ ಒಂದು ಆಳಿನಷ್ಟು ತೆರವು.

ಡೋಲು ಶುರುವಾಯಿತು. ಮೊದಲ ಜಿಗಿತ. ಧಪ್. ಅದರ ಹಿಂದೆಯೇ, ಧಪ್.

ನಿರ್ದೇಶಕರ ಗಲ್ಲ ಅಂಗೈಯಿಂದ ಮೇಲೆದ್ದಿತು. ಮೈ ಮುಂದಕ್ಕೆ ಬಾಗಿತು. ಮೇಡಂ ಅವರ ಮುಖವನ್ನಷ್ಟೇ ನೋಡುತ್ತಿದ್ದರು. ಬೆಣ್ಣೆ ಕದ್ದ ಬೆಕ್ಕಿನ ಹಾಗೆ ಕಣ್ಣು ಅರ್ಧ ಮುಚ್ಚಿತ್ತು. ಎರಡನೆಯ ಜಿಗಿತಕ್ಕೆ ನಿರ್ದೇಶಕರ ಕುತ್ತಿಗೆಯ ಮೇಲಿನ ಕೂದಲು ನಿಂತದ್ದು ಹಿಂದೆ ಕೂತವರಿಗೂ ಕಾಣುತ್ತಿತ್ತು. ಇನ್ನೇನು, ಕೆಲಸ ಸಿಕ್ಕ ಹಾಗೆಯೇ. ಏಳೂ ಜನಕ್ಕೆ ಅದು ಗೊತ್ತಾಯಿತು. ಕೊಕ್ಕರೆಗೂ ಗೊತ್ತಾಯಿತು, ಅವಳ ಉದ್ದ ಕಾಲುಗಳಿಗೂ.

ಮೂರನೆಯ ಜಿಗಿತಕ್ಕೆ ಮೊದಲು ಅವಳು ಬಲಕ್ಕೆ ಸರಿದಳು.

ಅಲ್ಲಿ ಯಾರೋ ಇದ್ದರು. ತುಂಬಿದ ಬಸ್ಸಿನಲ್ಲಿ ಸರಿಯಲು ಒಪ್ಪದೆ ನಿಂತವರ ಹಾಗೆ, ಅವಳ ಪಕ್ಕೆಯ ಎತ್ತರಕ್ಕೆ ಒಂದು ಬೆಚ್ಚಗಿನ ಹೆಗಲು ಒತ್ತಿ ಹಿಡಿಯಿತು. ಮುಲಾಮಿನ ವಾಸನೆ ಬಂತು. ಒತ್ತುವ ಹೆಗಲಿಗೆ ಸಿಟ್ಟಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆ ಇತ್ತು. "ಹೋಗೇ," ಅಂದಳು ಕೊಕ್ಕರೆ ತುಟಿ ಅಲುಗಿಸದೆ, "ಮನೆಗೆ ಹೋಗಿ ಮಲಗು." ಹೆಗಲು ಜಗ್ಗಲಿಲ್ಲ. ಡೋಲು ಏರಿತು. ಕೊಕ್ಕರೆ ಮೊಣಕೈ ಮಡಿಸಿ ಜೋರಾಗಿ ಚುಚ್ಚಿ ಆ ಜಾಗದಿಂದಲೇ ಹಾರಿದಳು.

ಇಳಿದಾಗ ಇಬ್ಬರ ಭಾರ ಒಂದೇ ಮೂಳೆಯ ಮೇಲೆ ಬಿದ್ದಂತಾಯಿತು. ಕಣ್ಣು ಕತ್ತಲೆಗಟ್ಟಿತು. ಬೀಳಲಿಲ್ಲ. ಅವಳು ಬಿಟ್ಟು ಬಂದ ಜಾಗ ಈಗ ತೆರವಾಗಿತ್ತು, ಏನೋ ಒಂದು ಸರಿದು ಅಲ್ಲಿಗೆ ಹೋಗಲು ಹವಣಿಸುವುದು ಎಡತೋಳಿಗೆ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಅವಳ ಆ ಕಡೆಯವಳು, ಊಟ ಬಿಟ್ಟವಳು, ಒಂದು ಹೆಜ್ಜೆ ಇತ್ತ ಬಂದಳು. ಅವಳ ಪಕ್ಕದವಳೂ ಬಂದಳು. ಬಲಗಡೆ ಮೆಣಸಿನಕಾಯಿ ಮುಂದಕ್ಕೇ ನೋಡುತ್ತಾ, ವೇದಿಕೆಯ ನಗು ನಗುತ್ತಾ, ಹಲ್ಲಿನ ಸಂದಿಯಿಂದ "ನಿಮ್ಮ ಮನೆ ಹಾಳಾಗ," ಎಂದು ಬೈದು ತಾನೂ ಒತ್ತಿ ನಿಂತಳು. ಹೆಗಲಿಗೆ ಹೆಗಲು ತಾಗಿತು. ಸಾಲು ಕೂಡಿಕೊಂಡಿತು.

"ಜಾಗ," ಅಂದರು ಮೇಡಂ. ಕೋಲು ನೆಲಕ್ಕೆ ಬಿತ್ತು. "ಜಾಗ ಬಿಡಿ."

ಏಳು ಜನ ಹಾರಿದರು. ಏಳು ಜನ ಇಳಿದರು. ಧಪ್.

ಆಮೇಲೆ ಏನೂ ಇಲ್ಲ. ಡೋಲಿನ ಮಾಮನ ಕೈ ಅಭ್ಯಾಸಬಲದಿಂದ ಆ ತಡದ ಹೆಜ್ಜೆಗೆ ಕಾದು ಗಾಳಿಯಲ್ಲೇ ನಿಂತಿತ್ತು. ಆಗ ಸದ್ದಾಯಿತು, ಸಾಲಿನಲ್ಲಲ್ಲ, ಸಾಲಿನ ಹಿಂದೆ. ಒಂದು ಕಾಲು ಊರಿ ಇನ್ನೊಂದನ್ನು ಎಳೆಯುವ ಸದ್ದು. ಅದು ಕೋಣೆಯ ಉದ್ದಕ್ಕೂ ನಡೆಯಿತು, ಬಾಗಿಲ ಹತ್ತಿರ ತುಸು ನಿಂತಿತು, ಆಮೇಲೆ ಓಣಿಯಂಥ ವರಾಂಡದಲ್ಲಿ, ಆಮೇಲೆ ಮೆಟ್ಟಿಲ ಮೇಲೆ, ಒಂದೊಂದೇ ಮೆಟ್ಟಿಲಾಗಿ ಕೆಳಗಿಳಿದುಹೋಯಿತು. ಯಾರೂ ತಲೆ ತಿರುಗಿಸಲಿಲ್ಲ. ಮೇಡಂ ಒಬ್ಬರೇ ಎದ್ದು ಎರಡು ಹೆಜ್ಜೆ ಅದರ ಹಿಂದೆ ಹೋದರು, ಕೈ ಮುಂದೆ ಚಾಚಿಕೊಂಡು.

ನಿರ್ದೇಶಕರು ಕುಣಿತ ಮುಗಿಯುವವರೆಗೂ ಕೂತರು. ಗಲ್ಲ ಮತ್ತೆ ಅಂಗೈಗೆ ಬಂದಿತ್ತು. "ಮೊದಲು ಏನೋ ಒಂದಿತ್ತು," ಅಂದರು ಹೊರಡುವಾಗ. "ಈಗ ಎಲ್ಲ ಕಡೆ ಇರೋ ಹಾಗಿದೆ." ಯಾರ ಹೆಸರನ್ನೂ ಕೇಳಲಿಲ್ಲ.

*

ಮೆಣಸಿನಕಾಯಿ ನೇರ ಮನೆಗೆ ಹೋದಳು. ಕೊಕ್ಕರೆ ಕಾಲೆಳೆಯುತ್ತಾ ಗುಬ್ಬಿಯ ಮನೆ ಮುಟ್ಟಿದಾಗ ಅಮ್ಮ ಹೊಲಿಗೆ ನಿಲ್ಲಿಸಿ ಕೂತಿದ್ದರು. ತುಟಿಯ ಮೇಲೆ ಬೆರಳಿಟ್ಟು ಒಳಗೆ ತೋರಿಸಿದರು.

ಪ್ಲಾಸ್ಟರಿನ ಕಾಲು ಮಂಚದ ಮೇಲೆ ಕೊರಡಿನಂತೆ ಬಿದ್ದಿತ್ತು. ಬೆರಳುಗಳು ಅಲುಗಾಡುತ್ತಿರಲಿಲ್ಲ. ಗುಬ್ಬಿ ಎಚ್ಚರವಾಗಿದ್ದಳು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ನೀನೇ ಅಲ್ವಾ," ಅಂದಳು ತಿರುಗದೆ. "ನಿನ್ನ ಮೊಣಕೈ."

ಕೊಕ್ಕರೆ ಹತ್ತಿರ ಹೋದಳು. ಗುಬ್ಬಿಯ ಅಂಗಿ ಸರಿದು ಹೆಗಲು ಕಾಣುತ್ತಿತ್ತು. ಅದರ ಮೇಲೆ ಒಂದು ಹೊಸ ಕಂದುಗಟ್ಟಿದ ಕಲೆ.

"ನಾನೇ."

"ಇಟ್ಕೊಂಡಿರಿ ಅಂದಿದ್ದೆ."

"ಅಂದಿದ್ದೆ."

"ಈಗ ಅಲ್ಲಿ ಯಾರಿದಾರೆ?"

"ಯಾರೂ ಇಲ್ಲ. ಜಾಗಾನೇ ಇಲ್ಲ ಕಣೇ. ನಮಗೂ ಇಲ್ಲ."

ಗುಬ್ಬಿಯ ಬೆನ್ನು ಒಮ್ಮೆ ಅದುರಿತು. "ನಂಗೆ ಕಾಲು ಬೇಕಿತ್ತು ಅಂತ ನಿಂಗೆ ಯಾರು ಹೇಳಿದ್ರು?" ಅಂದಳು. ದಿಂಬಿಗೆ ಮುಖ ಒತ್ತಿ, "ಹೋಗು," ಅಂದಳು.

ಕೊಕ್ಕರೆ ಹೋಗಲಿಲ್ಲ. ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತು ತನ್ನ ಊದಿದ ಕಾಲನ್ನು ಮುಂದಕ್ಕೆ ಚಾಚಿದಳು. ಅಳುವ ಸದ್ದು ದಿಂಬಿನೊಳಗೇ ಇಂಗಿ, ನಿಧಾನವಾಗಿ ಉಸಿರಾಯಿತು. ಅದು ಯಾವ ಡೋಲಿನ ಲೆಕ್ಕಕ್ಕೂ ಸಿಗದ ಉಸಿರು. ಒಮ್ಮೆ ದೀರ್ಘ, ಒಮ್ಮೆ ಗಿಡ್ಡ, ನಡುವೆ ಸಣ್ಣ ಗೊರಕೆ. ಅಮ್ಮ ಬಾಗಿಲಲ್ಲಿ ಇಣುಕಿ ನೋಡಿದರು, ಹಿಂದಕ್ಕೆ ಸರಿದು ಯಂತ್ರದ ಮುಂದೆ ಕೂತರು. ಮಗಳು ಏಳದಿರಲೆಂದು ಪೆಡಲು ಮುಟ್ಟದೆ, ಚಕ್ರವನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸುತ್ತಾ ಒಂದು ತೋಳನ್ನು ಹೊಲಿಯತೊಡಗಿದರು.